ಅಣ್ಣನ ಕೈಯ ಮೇಲೆ ಹೊರಿಸಿದ ದೋಷ

ನಾನು ಗಾಡಿಯ ಕೆಳಗೆ ಮಲಗಿ ನೋಡಲಿಲ್ಲ. ಅಣ್ಣ ಬಂದು ಬಂದು ಹೇಳಿದರೂ ನೋಡಲಿಲ್ಲ. ಕಾಲು ಗಂಟೆಯ ಕೆಲಸ ಅದು.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಪಾನಾ ಹಿಡಿದವನು ಇವತ್ತಿನವರೆಗೂ ಬಿಟ್ಟಿಲ್ಲ. ಈಗ ಚಳ್ಳಕೆರೆಯಲ್ಲಿ ಗಾಡಿ ರಿಪೇರಿಯ ಸ್ವಂತ ಶೆಡ್ ಇದೆ. ನನಗಿಂತ ಒಂಬತ್ತು ವರ್ಷ ದೊಡ್ಡವನಾದ ಅಣ್ಣನ ಹತ್ತಿರ ಒಂದು ಹಳೆಯ ಪಿಕಪ್ ಇದೆ. ದೊಡ್ಡಉಳ್ಳಾರ್ತಿ ಕಾವಲಿನ ಕಡೆಯ ಕುರಿಗಳನ್ನು ತುಂಬಿಕೊಂಡು ಸಂತೆಗೂ, ಮೊಳಕಾಲ್ಮುರು ಕಡೆಯ ವ್ಯಾಪಾರಿಗಳಿಗೂ ಮುಟ್ಟಿಸುವುದು ಅವನ ಕಸುಬು. ಆ ಗಾಡಿಯನ್ನು ಬೇರೆಯವರ ಕೈಗೆ ಕೊಟ್ಟವನೇ ಅಲ್ಲ.

ಮೊದಲ ಸಲ ಬಂದಾಗ ಹೇಳಿದ, "ಲೇ, ಗಾಡಿ ನೆಟ್ಟಗೆ ನಿಲ್ತಿಲ್ಲ ಕಣಲೇ. ಒಂದ್ಸಲ ಎಡಕ್ಕೆ ಹೋಗ್ತೈತೆ, ಒಂದ್ಸಲ ಬಲಕ್ಕೆ. ತಿದ್ದಿ ತಿದ್ದಿ ಭುಜ ನೋಯ್ತೈತೆ."

ನಾನು ಟೈರಿನ ಗಾಳಿ ನೋಡಿದೆ, ಸರಿಯಿತ್ತು. ಖಾಲಿ ಗಾಡಿಯನ್ನು ಒಂದು ಸುತ್ತು ಓಡಿಸಿದೆ, ಅಷ್ಟೇನೂ ಅನ್ನಿಸಲಿಲ್ಲ. "ಕುರಿ ಕಣಣ್ಣ," ಎಂದೆ. "ಬಿಸಿಲು ಬಿದ್ದ ಕಡೆ ಬಿಟ್ಟು ನೆರಳಿನ ಕಡೆ ಒತ್ಕಂಡು ನಿಲ್ತಾವೆ. ರಸ್ತೆ ತಿರುಗಿದ್ರೆ ಬಿಸಿಲೂ ತಿರುಗ್ತೈತೆ, ಕುರೀನೂ ಸರೀತಾವೆ. ಅದಕ್ಕೇ ಗಾಡಿ ಓಲಾಡೋದು."

ಕುರಿಗಳು ಹಾಗೆ ಸರಿಯುವುದು ನಮ್ಮ ಕಡೆಯ ಯಾರಿಗಾದರೂ ಗೊತ್ತು. ಹಾಗಾಗಿ ಮಾತು ನಂಬುವಂತಿತ್ತು. ಅಣ್ಣ ನಂಬಿ, ಗಾಡಿಯ ನಡುವೆ ಉದ್ದಕ್ಕೆ ಹಲಗೆ ಹೊಡೆಸಿ ಎರಡು ಭಾಗ ಮಾಡಿಸಿದ. ಕೆಲವು ದಿನ ಬಿಟ್ಟು ಮತ್ತೆ ಬಂದ.

"ಕುರಿ ಈಗ ಶಿಸ್ತಾಗಿ ನಿಂತಾವೆ ಕಣಲೇ. ಗಾಡಿಗೇ ಶಿಸ್ತಿಲ್ಲ."

ಇಬ್ಬರೂ ನಕ್ಕೆವು. ನಾನು ಬಾನೆಟ್ ಎತ್ತಿ ಸ್ಟೀರಿಂಗ್ ಬಾಕ್ಸಿನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿ ಮಾಡಿದೆ. ಹಾಗೆ ಮಾಡಿದರೆ ಸ್ಟೀರಿಂಗ್ ಹಿಡಿದ ಕೈಗೆ ಸಡಿಲ ಕಡಿಮೆಯಾದಂತೆ ಕಾಣುತ್ತದೆ, ತಿರುಗಿಸುವುದು ಮಾತ್ರ ಗಟ್ಟಿಯಾಗುತ್ತದೆ. ರೋಗ ಎಲ್ಲಿತ್ತೋ ಅಲ್ಲೇ ಇರುತ್ತದೆ. ಗೊತ್ತಿದ್ದೇ ಮಾಡಿದೆ.

ಮುಂದಿನ ಸಲ ಅವನೇ ದಾರಿ ತೋರಿಸಿದ. "ಒಂದ್ಸಲ ಕೆಳಗೆ ಮಲಕ್ಕಂಡು ನೋಡಲೇ. ನಾನು ಮೇಲೆ ಕುಂತು ಅಲ್ಲಾಡಿಸ್ತೀನಿ."

ಸರಿಯಾದ ರೀತಿ ಅದೇ. ಗಾಡಿ ನೆಲದ ಮೇಲೆಯೇ ನಿಂತಿರಬೇಕು. ಒಬ್ಬ ಸ್ಟೀರಿಂಗನ್ನು ಚೂರು ಚೂರೇ ಆಚೀಚೆ ಆಡಿಸಬೇಕು, ಇನ್ನೊಬ್ಬ ಕೆಳಗೆ ಮಲಗಿ ಒಂದೊಂದು ಜಾಯಿಂಟಿನ ಮೇಲೂ ಕೈ ಇಡುತ್ತಾ ಹೋಗಬೇಕು. ಸವೆದದ್ದು ಕೈಗೆ ಟಕ್ ಎಂದು ತಾಗುತ್ತದೆ. ಆದರೆ ಅವತ್ತು ಶೆಡ್ಡಿನಲ್ಲಿ ಹೊಸ ಕಾರಿನ ಗಿರಾಕಿಗಳು ಕುರ್ಚಿ ಹಾಕಿಕೊಂಡು ಕೂತಿದ್ದರು. ಅಣ್ಣನ ಗಾಡಿಯ ಕೆಳಭಾಗದಲ್ಲಿ ಕುರಿ ಹಿಕ್ಕೆ ಮೆತ್ತಿಕೊಂಡಿತ್ತು, ಹಲಗೆಯ ಸಂದಿನಿಂದ ಗಂಜಲ ತೊಟ್ಟಿಕ್ಕುತ್ತಿತ್ತು. ಅವರ ಮುಂದೆ ಅದರ ಕೆಳಗೆ ಮಲಗಲು ನನಗೆ ನಾಚಿಕೆಯಾಯಿತು.

"ಗಾಡೀಲಿ ಏನೂ ಇಲ್ಲಣ್ಣ," ಎಂದೆ, ಅವರಿಗೂ ಕೇಳುವಂತೆ. "ನಿಂಗೆ ವಯಸ್ಸಾಯ್ತು. ಕೈಯಾಗೆ ಬಿಗಿ ಇಲ್ಲ."

ಗಿರಾಕಿಗಳು ನಕ್ಕರು. ಅಣ್ಣನೂ ನಕ್ಕ. ನಗುತ್ತಲೇ ಅಂಗೈ ಎರಡನ್ನೂ ಮಗುಚಿ ನೋಡಿಕೊಂಡು ಗಾಡಿ ಹತ್ತಿದ.

ಅದೇ ವಾರ ಕೊಂಡ್ಲಹಳ್ಳಿ ಹತ್ತಿರ ಗಾಡಿ ರಸ್ತೆ ಬಿಟ್ಟು ಶೇಂಗಾ ಹೊಲಕ್ಕೆ ಇಳಿಯಿತು. ಒಂದು ಗುಂಡಿಗೆ ಚಕ್ರ ಇಳಿದಿದೆ, ಅಣ್ಣ ತಿದ್ದಲು ಹೋಗಿದ್ದಾನೆ, ಗಾಡಿ ಮಾತು ಕೇಳಿಲ್ಲ. ಬದುವಿಗೆ ತಾಗಿ ನಿಂತಿತು. ಅವನಿಗೆ ಹಣೆಯಲ್ಲಿ ಒಂದು ಗಾಯ. ಎರಡು ಕುರಿಗಳ ಕಾಲು ಮುರಿದಿತ್ತು. ಗಾಡಿಯನ್ನು ಎಳೆದು ನನ್ನ ಶೆಡ್ಡಿಗೆ ತಂದರು.

ಎಲ್ಲರೂ ಹೋದ ಮೇಲೆ ಕೆಳಗೆ ಮಲಗಿದೆ. ಒಂದು ಕೈಯಲ್ಲಿ ಎಡ ಚಕ್ರವನ್ನು ಅಲ್ಲಾಡಿಸಿ ಇನ್ನೊಂದು ಕೈಯನ್ನು, ಸ್ಟೀರಿಂಗ್ ತಿರುಗಿದಾಗ ಚಕ್ರವನ್ನು ತಿರುಗಿಸುವ ಟೈ ರಾಡಿನ ತುದಿಯ ಜಾಯಿಂಟಿಗೆ ಇಟ್ಟೆ. ಕೈ ಇಡುವುದೇ ಬೇಕಿರಲಿಲ್ಲ, ಅದು ಕುಣಿಯುವುದು ಕಣ್ಣಿಗೇ ಕಾಣುತ್ತಿತ್ತು. ರಬ್ಬರ್ ಎಂದೋ ಹರಿದು, ಗ್ರೀಸ್ ಒಣಗಿ, ಒಳಗೆಲ್ಲ ಮಣ್ಣು. ಒಂದು ದಿನದಲ್ಲಿ ಆದ ಸವೆತವಲ್ಲ. ಹೊಸದು ಹಾಕಿದೆ. ಹಳೆಯದನ್ನು ಗುಜರಿ ರಾಶಿಯ ಅಡಿಗೆ ತಳ್ಳಿದೆ.

ಮಾರನೆಯ ದಿನ ಅಣ್ಣ ಹಣೆಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದು ಒಂದೇ ಮಾತು ಕೇಳಿದ.

"ಗಾಡೀಲಿ ಏನಾದ್ರೂ ಇತ್ತೇನಲೇ?"

"ಇಲ್ಲಣ್ಣ."

"ಹಂಗಾದ್ರೆ ನಂದೇ."

ಅಂದಿನಿಂದ ಅವನು ಗಾಡಿ ಓಡಿಸಲಿಲ್ಲ. ಊರಿನ ಒಬ್ಬನನ್ನು ಡ್ರೈವರ್ ಮಾಡಿಕೊಂಡು ತಾನು ಎಡಗಡೆ ಸೀಟಿನಲ್ಲಿ ಕೂತ. ಸಂತೆಯಲ್ಲಿ ವ್ಯಾಪಾರಿಗಳು, "ಏನ್ರೀ ಯಜಮಾನ್ರೇ, ಕ್ಲೀನರ್ ಕೆಲ್ಸಕ್ಕೆ ಸೇರಿದ್ರಾ?" ಎಂದು ಕಿಚಾಯಿಸಿದರೆ, "ಹೂಂ ಕಣ್ರಯ್ಯ, ಪ್ರಮೋಷನ್ನು," ಎನ್ನುತ್ತಿದ್ದ. ನಾನು ಅದನ್ನು ಕಿವಿಯಾರೆ ಕೇಳಿದ್ದೇನೆ. ಕೇಳಿ, ಏನೋ ಕೆಲಸ ನೆನಪಾದವನಂತೆ ಎದ್ದು ಹೋಗಿದ್ದೇನೆ. ಹೀಗೆ ಏಳು ತಿಂಗಳು. ನನ್ನ ಶೆಡ್ಡಿನ ಹೆಸರು ಕೆಡುತ್ತದೆ ಎಂಬುದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾಗಿ ಅವನ ಮುಖ ನೋಡಿ ಹೇಳಲು ಧೈರ್ಯವಿರಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಅವನು ತನ್ನ ಮೊಪೆಡ್ಡನ್ನು ತಳ್ಳಿಕೊಂಡು ಶೆಡ್ಡಿಗೆ ಬಂದ. ಹಿಂದೆ ಅತ್ತಿಗೆ ಬಿಸಿಲಿನಲ್ಲಿ ನಡೆದು ಬರುತ್ತಿದ್ದಳು.

"ಕೆಟ್ಟೈತೇನಣ್ಣ?"

"ಗಾಡಿ ಚೆನ್ನಾಗೈತೆ. ನಿಮ್ಮತ್ತಿಗೇನ ಕೂರಿಸ್ಕಂಡು ಬರ್ತಿದ್ದೆ, ಎದುರಿಗೆ ಲಾರಿ ಬಂತು. ಇಳಿದ್ಬಿಟ್ಟೆ." ಸ್ಟ್ಯಾಂಡ್ ಹಾಕಿ ಕೀಲಿಯನ್ನು ನನ್ನ ಕಡೆ ಚಾಚಿದ. "ಇದನ್ನ ಯಾರಿಗಾದ್ರೂ ಮಾರಿಬಿಡು ಕಣಲೇ. ನನ್ನ ಕೈ ನಂಬಾಕಾಗಲ್ಲ."

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಷ್ಟ್ ಹೇಳಿದ್ರೂ ಕೇಳಲ್ಲ. ನೀನಾದ್ರೂ ಹೇಳಪ್ಪ."

ಶೆಡ್ಡಿನಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾದರೆ ಮತ್ತೆ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೀಲಿ ತೆಗೆದುಕೊಳ್ಳದೆ ಅವನ ಎರಡೂ ಕೈ ಹಿಡಿದುಕೊಂಡೆ.

"ನಿನ್ನ ಕೈಯಾಗೆ ಏನೂ ಇರ್ಲಿಲ್ಲಣ್ಣ. ಎಡಗಡೆ ಜಾಯಿಂಟ್ ಸವೆದಿತ್ತು. ನೀನು ನೋಡು ನೋಡು ಅಂದಾಗ ನಾನು ನೋಡ್ಲಿಲ್ಲ. ಗೊತ್ತಾದ ಮೇಲೂ ಮುಚ್ಚಿಟ್ಟೆ. ತಪ್ಪೆಲ್ಲ ನಂದು. ತಪ್ಪಾಯ್ತಣ್ಣ."