ಮಂಗಲವಾಗದ ಪುಸ್ತಕ

ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಕಡೆ ಹಾಸಿಗೆ ಹೊದಿಕೆಗಳೆಲ್ಲ ಅಂಗಳಕ್ಕೆ ಬರುತ್ತವೆ. ಅವತ್ತು ನಾನು ಹಿತ್ತಲ ಕಲ್ಲಿನ ಮೇಲೆ ಕೌದಿ ಒಗೆಯುತ್ತಿದ್ದೆ. ಹಳೆಯ ಸೀರೆ ಸೇರಿಸಿ ಹೊಲಿದ ಕೌದಿ ಒಣಗಿದ್ದಾಗ ಹಗುರ, ನೀರು ಕುಡಿದರೆ ಎಮ್ಮೆಯ ಕರುವಿನಷ್ಟು ಭಾರ. ಬಸವನ ಬಾಗೇವಾಡಿಯ ನಮ್ಮ ಓಣಿಗೆ ನಸುಕಿನಲ್ಲೇ ನಳದ ನೀರು ಬಂದಿತ್ತು, ಬಿಸಿಲೂ ಬಿದ್ದಿತ್ತು. ಎರಡನ್ನೂ ಒಂದೇ ದಿನ ಕೊಟ್ಟೆಯಲ್ಲ ತಂದೆ ಎಂದು ಮನಸ್ಸಿನಲ್ಲೇ ಕೈ ಮುಗಿದು ಕೌದಿ ಬಡಿಯುತ್ತಿದ್ದಾಗ ಫೋನು ಬಂತು. ನನ್ನ ತವರು ಆಲಮೇಲದಿಂದ, ತಮ್ಮನ ಹೆಂಡತಿ.

"ಅಕ್ಕಾರ, ಆರಾಮ ಅದೀರಿಲ್ರಿ? ನಮ್ಮನಿ ಸ್ವಚ್ಛ ಮಾಡೂದು ಮುಗೀತ್ರಿ. ದೇವರ ಜಗಲಿನೂ ತೊಳದೆ. ಒಡದ ಫೋಟೋ, ಹರದ ಪುಸ್ತಕ ಎಲ್ಲಾ ಗಂಟ ಕಟ್ಟಿ ನಿಮ್ಮ ತಮ್ಮನ ಕೈಯಾಗ ಕೊಟ್ಟೇನಿ. ಹೊಳಿಗೆ ಬಿಟ್ಟು ಬರ್ತಾರ."

ಜಗಲಿಯ ಮೇಲಿದ್ದದ್ದನ್ನು ನಾವು ಕಸಕ್ಕೆ ಹಾಕುವುದಿಲ್ಲ, ರದ್ದಿಗೂ ಕೊಡುವುದಿಲ್ಲ. ಹಳತಾದರೆ ಭೀಮಾ ಹೊಳೆಗೆ ಬಿಡುತ್ತೇವೆ. ಅವಳು ಮಾಡಿದ್ದರಲ್ಲಿ ತಪ್ಪೇನಿಲ್ಲ. ಆದರೂ ನಾನು ಕೌದಿ ಕೈಬಿಟ್ಟು ಕೇಳಿದೆ.

"ಕೆಂಪು ವಸ್ತ್ರದಾಗ ಸುತ್ತಿದ್ದ ಪುಸ್ತಕ?"

"ಅದೂ ಹೋತ್ರಿ. ರಟ್ಟಿಲ್ಲ, ಹಾಳಿ ಎಲ್ಲಾ ಬಿಚ್ಚಿದ್ದುವು. ಯಾಕ್ರಿ?"

"ಅಯ್ಯ ನಮ್ಮವ್ವಾ, ಅದರದ ಮಂಗಲ ಆಗಿಲ್ಲ!"

ಅವಳಿಗೆ ಏನು ಅರ್ಥವಾದೀತು? ತಮ್ಮನಿಗೆ ಫೋನು ಹಚ್ಚಿದೆ. ರಿಂಗು ಹೋಗುತ್ತಿತ್ತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಒದ್ದೆ ಸೀರೆಯಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪ ಸಿಂದಗಿ ಸಂತೆಯಿಂದ ಬೆಲ್ಲದ ಪೆಂಟೆ ತಂದಿದ್ದರು. ಅದು ಚೀಲಕ್ಕೆ ಅಂಟಬಾರದೆಂದು ಅಂಗಡಿಯವರು ಅದರ ಕೆಳಗೆ ಒಂದು ರದ್ದಿ ಪುಸ್ತಕ ಇಟ್ಟುಕೊಟ್ಟಿದ್ದರು. ರಟ್ಟಿರಲಿಲ್ಲ, ಹೆಸರಿನ ಹಾಳೆಯೂ ಇರಲಿಲ್ಲ. ಮೊದಲ ಹಾಳೆಯ ಮೇಲೆ ಯಾರೋ ಎಂದೋ ಹಚ್ಚಿದ್ದ ಅರಿಶಿನ ಕುಂಕುಮವಿತ್ತು. ಅಷ್ಟು ಸಾಕಾಯಿತು ನಮ್ಮ ಆಯಿಗೆ. ಆಯಿ ಎಂದರೆ ನಮ್ಮಪ್ಪನ ತಾಯಿ, ಅಕ್ಷರ ಬರುತ್ತಿರಲಿಲ್ಲ.

"ಕುಂಕುಮ ಹಚ್ಯಾರಂದ್ರ ಪುರಾಣನ ಇರಬೇಕು," ಎಂದು ಅದನ್ನು ಕಣ್ಣಿಗೊತ್ತಿಕೊಂಡು ಜಗಲಿಯ ಮೇಲೆ ಇಟ್ಟಳು.

ಆ ವರ್ಷ ಆಯಿಯ ಮೊಣಕಾಲು ಹಿಡಿದಿದ್ದವು. ಶ್ರಾವಣದಲ್ಲಿ ಮಠಕ್ಕೆ ನಡೆದುಹೋಗಿ ಪುರಾಣ ಕೇಳುವುದು ಆಗದ ಮಾತಾಯಿತು. ನಮ್ಮ ಮನೆಯ ಕಟ್ಟೆಯ ಮೇಲೇ ಪುರಾಣ ಹಚ್ಚುವುದೆಂದು ಅವಳೇ ಗೊತ್ತು ಮಾಡಿದಳು. ಓದುವವಳು ನಾನು. ಆ ನೋವು ಅವಳಿಗೆ ಬಾರದಿದ್ದರೆ ನನ್ನ ಕೈಗೆ ಆ ಪುಸ್ತಕ ಬರುತ್ತಿರಲಿಲ್ಲ. ದೇವರು ಒಬ್ಬರ ಕಾಲು ಕಟ್ಟಿ ಇನ್ನೊಬ್ಬರ ಬಾಯಿ ಬಿಡಿಸಿದ.

ಸಂಜೆ ದೀಪ ಹಚ್ಚಿದ ಮೇಲೆ ಓಣಿಯ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಬರುತ್ತಿದ್ದರು. ಎದುರು ಮನೆಯ ಚಾಚಿ ತನ್ನ ನಮಾಜು ಮುಗಿಸಿ, ಹುರಿದ ಶೇಂಗಾ ಉಡಿಯಲ್ಲಿ ತುಂಬಿಕೊಂಡು ಬಂದು ಕೂಡುತ್ತಿದ್ದಳು. ನನ್ನ ತಮ್ಮ ಆಯಿಯ ತೊಡೆಯ ಮೇಲೆ ಮಲಗಿ ಮೊದಲ ಹಾಳೆಗೇ ನಿದ್ದೆ ಹೋಗುತ್ತಿದ್ದ.

ಪುರಾಣದಲ್ಲಿ ಮುತ್ತಿನ ವ್ಯಾಪಾರಿಯ ಮಗಳೊಬ್ಬಳು ಗಂಡಸಿನ ವೇಷ ಹಾಕಿ, ಕಪ್ಪು ಕುದುರೆ ಏರಿ, ಕಳೆದುಹೋದ ಅಣ್ಣನನ್ನು ಹುಡುಕಲು ಹೊರಟಿದ್ದಳು. ದಾರಿಯಲ್ಲಿ ಕಳ್ಳರು, ಪಾಳುಬಿದ್ದ ವಾಡೆ, ಕೀಲಿ ಹಾಕಿದ ಕೋಣೆ. ನಾನು ತೊದಲುತ್ತ ಓದಲು ಶುರುಮಾಡಿದವಳು, ಕಳ್ಳರು ಬರುವ ಹೊತ್ತಿಗೆ ಓಡತೊಡಗಿದ್ದೆ. ಪ್ರತಿ ಅಧ್ಯಾಯ ಮುಗಿದಾಗ ಎಲ್ಲರೂ ಪುಸ್ತಕಕ್ಕೆ ಕೈ ಮುಗಿಯುತ್ತಿದ್ದರು. ಇದು ಪುರಾಣವೇ ಎಂದು ನಾನೂ ನಂಬಿದ್ದೆ. ದೇವರು ಇನ್ನೂ ಬಂದಿಲ್ಲ, ಮುಂದೆ ಬಂದಾನು ಎಂದುಕೊಂಡಿದ್ದೆ.

ಒಂದು ಸಂಜೆ ಭಿಕ್ಷಕ್ಕೆಂದು ಬಂದ ಮುಪ್ಪಿನ ಅಯ್ಯನವರು ಕಟ್ಟೆಯ ತುದಿಯಲ್ಲಿ ಕೂತು ಕೇಳಿದರು. ಮುಗಿದ ಮೇಲೆ ಗಡ್ಡದೊಳಗೇ ನಕ್ಕರು.

"ಅವ್ವಾ, ಇದು ಪುರಾಣ ಅಲ್ಲ. ಕಾದಂಬರಿ."

ಆಯಿಯ ಮುಖ ಸಣ್ಣಗಾಯಿತು. "ಅಂದ್ರ ಇದರಾಗ ದೇವರು ಬರಾಂಗಿಲ್ಲೇನ್ರಿ?"

"ಬರ್ಲಿ ಬಿಡ್ಲಿ, ಕೂಸು ಓದಾಕತ್ತೈತಿ, ನೀವು ಕೇಳಾಕತ್ತೀರಿ. ಶ್ರಾವಣದಾಗ ಹಚ್ಚೀರಿ, ನಡಬರಕ ಬಿಡಬ್ಯಾಡ್ರಿ. ಮಂಗಲ ಮಾಡೇ ಏಳ್ರಿ."

"ಅಯ್ಯಾರು ಖರೇ ಹೇಳಿದ್ರ ನೋಡು," ಎಂದಳು ಚಾಚಿ, ಶೇಂಗಾ ಸುಲಿಯುತ್ತ. "ಆ ಪೋರಿ ವಾಡೇದಾಗ ಸಿಕ್ಕಬಿದ್ದಾಳ, ಆಕೀನ ಅಲ್ಲೇ ಬಿಟ್ಟು ನಾವು ಮನಿಗಿ ಹೋಗೂದೇನ?"

ಹೀಗೆ ನಮ್ಮ ಪುರಾಣ ನಡೆಯಿತು. ಹಚ್ಚಿದ ಪುರಾಣ ಮುಗಿದ ದಿನ ಆರತಿ ಎತ್ತಿ, ಸಿಹಿ ಬಡಿಸಿ ಮಂಗಲ ಮಾಡಬೇಕು. ಕೊನೆಯ ದಿನ ಗೋಧಿ ಹುಗ್ಗಿ ಕುದಿಯಿತು, ಆರತಿ ತಟ್ಟೆ ಸಜ್ಜಾಯಿತು. ಮುತ್ತಿನ ವ್ಯಾಪಾರಿಯ ಮಗಳು ವಾಡೆಯ ಬಾವಿಗೆ ಇಳಿದಿದ್ದಳು. ದೀಪ ಎತ್ತಿ ಹಿಡಿದಳು. ನಾನು ಓದಿದೆ, "ಅಲ್ಲಿ..." ಹಾಳೆ ತಿರುವಿದೆ. ಮುಂದೆ ಏನೂ ಇಲ್ಲ. ಬರೀ ಹೊಲಿಗೆಯ ದಾರ. ಕೊನೆಯ ಹಾಳೆಗಳನ್ನು ಅಂಗಡಿಯವರು ಪೊಟ್ಟಣ ಕಟ್ಟಲು ಎಂದೋ ಹರಿದುಕೊಂಡಿದ್ದರು.

"ಅಲ್ಲಿ ಏನೈತಿ? ಹೇಳ ಬೇ!"

"ಹಾಳಿ ಇಲ್ಲ, ಚಾಚಿ."

ಕಟ್ಟೆಯ ಮೇಲೆ ಗದ್ದಲವೋ ಗದ್ದಲ. ಅಣ್ಣ ಸಿಕ್ಕಿರಬೇಕು ಎಂದಳು ಒಬ್ಬಳು. ಸತ್ತಿರಬೇಕು ಎಂದಳು ಇನ್ನೊಬ್ಬಳು. "ಥೂ ನಿನ್ನ, ಶ್ರಾವಣದಾಗ ಯಾರನ್ನೂ ಕೊಲ್ಲಬ್ಯಾಡ!" ಎಂದು ಎಲ್ಲರೂ ಅವಳ ಮೇಲೆ ಬಿದ್ದರು.

ಆಯಿ ಆರತಿಯ ತಟ್ಟೆಯನ್ನು ಕೆಳಗಿಟ್ಟಳು. "ಕಡೀ ಇಲ್ಲದ ಮಂಗಲ ಹೆಂಗ ಆಗ್ತೈತಿ? ಹುಗ್ಗಿ ಉಂಡು ಹೋಗ್ರಿ. ಪುಸ್ತಕ ಜಗಲಿಮ್ಯಾಲ ಇರ್ಲಿ. ಇಕಿ ಶಾಣ್ಯಾಕಿ ಅದಾಳ, ಕಡೀ ಹುಡಿಕಿ ತರ್ತಾಳ. ಅವತ್ತ ಆರತಿ ಎತ್ತೂನು."

ಇಕಿ ಎಂದರೆ ನಾನು. ಅವತ್ತೇ ಶುರುವಾಯಿತು ನನ್ನ ಹುಡುಕಾಟ. ಮೊದಲು ಶಾಲೆಯ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳು. ರಜೆಯಲ್ಲಿ ಇಂಡಿಗೆ ಚಿಕ್ಕಮ್ಮನ ಮನೆಗೆ ಹೋದರೆ ಅವರ ಅಟ್ಟದ ಮೇಲಿನವು. ಸಿಂದಗಿಗೆ ಹೈಸ್ಕೂಲಿಗೆ ಹೋದ ಮೇಲೆ ಅಲ್ಲಿನ ವಾಚನಾಲಯ. ಯಾವ ಪುಸ್ತಕ ಸಿಕ್ಕರೂ ಕೊನೆಯ ಹಾಳೆ ಮೊದಲು ತೆಗೆಯುತ್ತಿದ್ದೆ: ಬಾವಿ ಇದೆಯೇ, ದೀಪ ಇದೆಯೇ? ಇರುತ್ತಿರಲಿಲ್ಲ. ಆದರೆ ಅಲ್ಲಿ ಬೇರೆ ಯಾರೋ ಅಳುತ್ತಿದ್ದರು, ಇಲ್ಲವೇ ಬಂಡಿ ಹತ್ತುತ್ತಿದ್ದರು. ಯಾಕೆ ಅಳುತ್ತಾರೆ ಎಂದು ತಿಳಿಯಲು ಮೊದಲಿನಿಂದ ಓದಬೇಕಾಗುತ್ತಿತ್ತು. ಮದುವೆಯಾದ ಮೇಲೆ ಯಜಮಾನರಿಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಸಾಮಾನು ಇಳಿಸಿದ ಮಾರನೆಯ ದಿನವೇ ನಾನು ಕೇಳಿದ್ದು, "ಇಲ್ಲಿ ವಾಚನಾಲಯ ಎಲ್ಲೈತ್ರಿ?"

"ಹಿಟ್ಟಿನ ಗಿರಣಿ ಎಲ್ಲೈತಿ ಅಂತ ಕೇಳಾಕಿ ಅಂದ್ಕೊಂಡಿದ್ದೆ," ಎಂದು ಅವರು ನಕ್ಕಿದ್ದರು. ಆದರೂ ಕರೆದುಕೊಂಡು ಹೋದರು. ಅದೂ ಒಂದು ದಯೆಯೇ.

ತವರಿಗೆ ಹೋದಾಗಲೆಲ್ಲ ಆಯಿ ಕೇಳುತ್ತಿದ್ದಳು, "ಸಿಕ್ತೇನ ಯವ್ವಾ?" "ಇನ್ನಾ ಇಲ್ಲ ಆಯಿ, ಆದ್ರ ಇದನ್ನ ಕೇಳಿಲ್ಲಿ," ಎಂದು ನಾನು ಹೊಸದಾಗಿ ಓದಿದ್ದನ್ನು ಹೇಳುತ್ತಿದ್ದೆ. ಅವಳು ತೀರಿಹೋಗುವ ಮುಂಚೆಯೂ ಕೇಳಿದ್ದು ಅದನ್ನೇ. ಆ ಪುಸ್ತಕ ಮಂಗಲ ಕಾಣದೆ ಹೊಳೆ ಸೇರಿದರೆ ಅವಳ ಮಾತು ನನ್ನ ಕೈಯಲ್ಲೇ ಮುಳುಗಿದಂತೆ. ಕಲ್ಲಿನ ಮೇಲೆ ಕೂತು ನಾನು ಹೆದರಿದ್ದು ಅದಕ್ಕೆ.

ಮತ್ತೊಮ್ಮೆ ಫೋನು ಹಚ್ಚಬೇಕೆನ್ನುವಷ್ಟರಲ್ಲಿ ಅದೇ ರಿಂಗಾಯಿತು. ತಮ್ಮ.

"ಯಕ್ಕಾ, ಏನಾತ? ಇಷ್ಟ ಸಲ ಫೋನ್ ಮಾಡೀದಿ? ಗಾಡಿ ಡಿಕ್ಕ್ಯಾಗ ಇಟ್ಟಿದ್ದೆ, ಕೇಳ್ಲಿಲ್ಲ."

"ಗಂಟು ಬಿಟ್ಟೇನೋ?"

"ಫೋಟೋ ಬಿಟ್ಟೆ."

"ಪುಸ್ತಕ?"

"ತೊಡಿಮ್ಯಾಲ ಐತಿ. ವಸ್ತ್ರ ಬಿಡಬ್ಯಾಡ್ರಿ, ಒಗದು ಬಳಸೂನು ಅಂದಿದ್ಲು ಆಕಿ. ಅದಕ್ಕ ಬಿಚ್ಚಿದೆ. ಸಣ್ಣಾಂವಿದ್ದಾಗ ಒಂದು ಕುದುರಿ ಕೇಳಿದ್ದು ನೆನಪಿತ್ತು. ಕುದುರಿ ಎಲ್ಲೈತಿ ಅಂತ ನೋಡಾಕ ಹೋಗಿ ಇಲ್ಲೇ ದಂಡಿಮ್ಯಾಲ ಕುಂತಬಿಟ್ಟೇನಿ."

ಗೊಬ್ಬರದ ಚೀಲದ ಮೇಲಿನದ್ದು ಬಿಟ್ಟರೆ ಬೇರೇನನ್ನೂ ಓದದವನು ನನ್ನ ತಮ್ಮ. ನನಗೆ ನಗು, ಅಳು ಎರಡೂ ಬಂದವು.

"ನೀನು? ಓದಾಕತ್ತೀ?"

"ನಗಬ್ಯಾಡ. ನಡುವಿನ ಹಾಳಿ ಹಾರಿಸಿ ಹಾರಿಸಿ ಕಡೀತನಕ ಬಂದೇನಿ. ಆಕಿ ಈಗ ಬಾವ್ಯಾಗ ಇಳದಾಳ. ಅಲ್ಲಿ ಏನಿತ್ತ, ಯಕ್ಕಾ?"

"ನಂಗೊತ್ತಿಲ್ಲೋ, ಮಾರಾಯ. ಅದನ್ನ ಹುಡಿಕಾಕ ಹತ್ತೇನಿ ಇಷ್ಟ ವರ್ಷ."

"ಹಿಂಗ ನಡುವ ಬಿಟ್ರ ನಂಗ ಊಟ ಸೇರತೈತೇನ?" ನಿಜವಾಗಿಯೂ ಸಿಟ್ಟಿಗೆದ್ದಿದ್ದ. "ನವಮಿಗಿ ಪುಸ್ತಕ ತಗೊಂಡ ಬರ್ತೇನಿ. ಮೊದಲಿಂದ ಓದು. ಅವಾಗ ನಾ ನಿದ್ದಿ ಹೊಡದೇನಿ. ಆಮ್ಯಾಲ ಇಬ್ರೂ ಕೂಡಿ ಹುಡುಕೂನು."

ಪಾಪ, ಅವನ ಹೆಂಡತಿಗೆ ಫೋನು ಮಾಡಿ ಪುಸ್ತಕ ಸಿಕ್ಕಿತೆಂದು ಹೇಳಿದೆ. "ಅಷ್ಟು ಚಲೋ ಐತೇನ್ರಿ? ಹಂಗಾರ ನಾನೂ ಬರ್ತೇನ್ರಿ ಕೇಳಾಕ," ಎಂದಳು. ನಮ್ಮ ಮನೆಯ ಜಗಲಿಯ ಮೇಲಿನ ಆಯಿಯ ಫೋಟೋದ ಮುಂದೆ ನಿಂತು, ಮಂಗಲ ಮತ್ತೆ ಮುಂದಕ್ಕೆ ಹೋಯಿತು ಆಯಿ, ಆದರೆ ಕಟ್ಟೆಗೆ ಮಂದಿ ಕೂಡಿದರು ಎಂದು ಹೇಳಿ ಹಣೆ ಹಚ್ಚಿದೆ.

ಕೌದಿ ಹಾಗೇ ಬಿದ್ದಿತ್ತು. ಅದನ್ನು ಒಬ್ಬರೇ ಹಿಂಡಲು ಆಗುವುದಿಲ್ಲ. "ಏನ್ರಿ, ಪೇಪರ್ ಬದಿಗಿಟ್ಟು ಬರ್ರಿ ಇಲ್ಲಿ, ಒಂದು ತುದಿ ಹಿಡೀರಿ," ಎಂದು ಯಜಮಾನರನ್ನು ಕರೆದು, ಇನ್ನೊಂದು ತುದಿಯನ್ನು ನಾನು ಹಿಡಿದು ತಿರುವತೊಡಗಿದೆ.