ಹಲಗೆಯಿಂದ ಇಳಿಯದ ಇಲಿ

ಇವತ್ತು ಬೆಳಿಗ್ಗೆ ಬೈರಕೂರಿಗೆ ಹೋಗುವಾಗ ಮುಂದಿದ್ದ ಲಾರಿ ಗಕ್ಕನೆ ಬ್ರೇಕ್ ಹಾಕಿತು. ನನ್ನ ಸ್ಕೂಟರ್ ಅದಕ್ಕೆ ಗುದ್ದುವುದರಲ್ಲಿತ್ತು. ಅದರಲ್ಲಿ ಕೋಳಿ ಶೆಡ್ಡಿಗೆ ಒಯ್ಯುತ್ತಿದ್ದ ಭತ್ತದ ಹೊಟ್ಟು ಮುಖಕ್ಕೆ ರಾಚಿತು. ಆ ವಾಸನೆ, ಎದೆಯ ಆ ಬಡಿತ... ಜೊತೆಗೇ ಒಂದು ದನಿ: "ಅಮ್ಮಂಗೆ ಹೇಳ್ಬೇಡ ಕಣೇ."

ಅವಳ ದನಿ. ಯೂನಿವರ್ಸಿಟಿಯಲ್ಲಿ ನನ್ನ ಸೀನಿಯರ್, ಅಕ್ಕ ಎನ್ನುತ್ತಿದ್ದೆ. ಲ್ಯಾಬಿನ ಇಲಿಗಳಿಗೆ ಹೊಟ್ಟು ಹರಡುತ್ತಾ ತೆಲುಗಿನಲ್ಲಿ ಬೈಯುತ್ತಿದ್ದಳು. ಪರೀಕ್ಷೆಯ ಪೆಟ್ಟಿಗೆಯಲ್ಲಿ ಹಲಗೆಯಿಂದ ಇಳಿದ ಇಲಿಯ ಕಾಲಿಗೆ ಸಣ್ಣ ಶಾಕ್. ಮರುದಿನ ಅದು ಇಳಿಯಲು ಹೆದರಬೇಕು. ಆದರೆ ಶಾಕ್ ಆದ ಕೂಡಲೇ ಎಂಡಾರ್ಫಿನ್ ಚುಚ್ಚಿದ್ದರೆ ಏನೂ ಆಗಿಲ್ಲವೆಂಬಂತೆ ಇಳಿದುಬಿಡುತ್ತಿತ್ತು. ನೋವು ತಗ್ಗಿಸಲು, ಭಯವಾದಾಗಲೂ, ಮಿದುಳು ತಾನೇ ತಯಾರಿಸುವ ವಸ್ತು ಅದು. ಮರುದಿನದ ಪರೀಕ್ಷೆಗೆ ಮೊದಲು ಅದನ್ನೇ ಮತ್ತೆ ಚುಚ್ಚಿದರೆ, ಇಲಿ ಹಲಗೆಯ ಮೇಲೇ ನಿಂತಿರುತ್ತಿತ್ತು.

"ನೋಡ್ದಾ, ಮರ್ತಿರ್ಲಿಲ್ಲ," ಎಂದು ಅಕ್ಕ ಅದನ್ನೆತ್ತಿ ಬೆನ್ನು ಸವರುತ್ತಿದ್ದಳು. "ದಾರಿ ಸಿಕ್ಕಿರ್ಲಿಲ್ಲ ಅಷ್ಟೇ. ನೀನು ಕೋಲಾರ ಬಸ್ ಸ್ಟ್ಯಾಂಡಲ್ಲಿ ನಮ್ಮೂರ್ ಬಸ್ಸು ಹುಡುಕ್ತೀಯಲ್ಲ, ಹಂಗೆ."

ಅವಳ ಊರಾದ ಬೈರಕೂರಿಗೆ ಇಬ್ಬರೂ ಹೊರಟಿದ್ದಾಗಲೇ ದೇವರಾಯಸಮುದ್ರದ ಹತ್ತಿರ ಬಸ್ಸು ಉರುಳಿತು. ನನ್ನ ತೋಳು ಮುರಿದಿತ್ತು. ಅವಳ ತಲೆ ನನ್ನ ಮಡಿಲಲ್ಲಿತ್ತಂತೆ; ನನಗೇನೋ ಹೇಳುತ್ತಲೇ ಪ್ರಾಣ ಬಿಟ್ಟಳಂತೆ. ನೋಡಿದವರು ಹೇಳಿದ್ದು. ನನಗೆ ಬಸ್ಸು ಹತ್ತಿದ್ದಷ್ಟೇ ನೆನಪು...

ಅಂದಿನಿಂದ ಪ್ರತಿವರ್ಷ ಅವಳ ತಿಥಿಗೆ ಹೋಗುತ್ತೇನೆ; ಇವತ್ತೂ ಅದಕ್ಕೇ ಹೊರಟದ್ದು. ಕೊನೆಗೆ ಏನಂದಳು ಎಂದು ಅವಳ ತಾಯಿ ಪ್ರತಿವರ್ಷ ಕೇಳುತ್ತಾರೆ.

ಈಗ ಆ ಮಾತು ಸಿಕ್ಕಿದೆ. ಸಿಕ್ಕಿದೆಯೇ? ಒಮ್ಮೆ ಲ್ಯಾಬಿನಲ್ಲಿ ಇಲಿ ಅವಳ ಬೆರಳು ಕಚ್ಚಿ ರಕ್ತ ಸುರಿದಾಗಲೂ ಅಕ್ಕ ಇದನ್ನೇ ಹೇಳಿದ್ದಳು. ಆಗಲೂ ಸುತ್ತ ಹೊಟ್ಟಿನ ವಾಸನೆ. ನನ್ನ ಭಯ ಒಂದು ದಿನದ ಮಾತನ್ನು ಇನ್ನೊಂದಕ್ಕೆ ತಂದು ಅಂಟಿಸಿತೋ ಏನೋ... ಸುಳ್ಳಾದರೆ, ಆ ತಾಯಿಗೆ ಮಗಳ ಕೊನೆಯ ಮಾತನ್ನು ನಾನೇ ಹುಟ್ಟಿಸಿಕೊಟ್ಟಂತೆ. ನಿಜವಾದರೆ, ಹೇಳಬೇಡ ಎಂದದ್ದನ್ನೇ ಹೇಳಿದಂತೆ.

ಅವಳ ತಾಯಿ ಬಾಗಿಲಲ್ಲೇ ಕಾದಿದ್ದರು. "ಬಾಮ್ಮಾ. ಏನಾದ್ರೂ ಗ್ಯಾಪ್ಕ ಬಂತಾ?"

"ಇಲ್ಲಮ್ಮಾ."

"ಹೋಗ್ಲಿ ಬಿಡು, ಮುಂದಿನ ವರ್ಷ ಬರ್ತೈತೆ. ಎಲೆ ಹಾಕ್ಬಿಟ್ಟೈತೆ, ಬಾ."

ಅವರು ಒಳಗೆ ಹೋದರು. ನಾನು ಹೊಸ್ತಿಲಲ್ಲೇ ನಿಂತಿದ್ದೆ. ನೆನಪು ಬಂದ ಇಲಿಯೂ ಹೀಗೇ ನಿಲ್ಲುತ್ತಿತ್ತು. ಎತ್ತಿಕೊಂಡು ಬೆನ್ನು ಸವರಲು ಅದಕ್ಕೆ ಅಕ್ಕ ಇದ್ದಳು.