ತೆರಿಗೆ ಕೊಟ್ಟವರು

ನಮ್ಮ ಅತ್ತೆಯ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಾಗಿರುತ್ತಿತ್ತು. ಗೋವಾದ ಉಸಗಾಂವದ ನಮ್ಮ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳು ಕೊಂಡ ಪಾತ್ರೆಗೆ ಹೆಸರು ಹಾಕುತ್ತಿದ್ದವರು ಅವರೇ. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಏಟು ತಪ್ಪಿದರೆ ಉಗುರಿಗೆ. ಮಷಿನ್ ತರೋಣ ಎಂದರೆ, "ಅದು ಬರದದ್ದು ಕೋಳಿ ಕೆದರಿದಂಗ ಕಾಣ್ತೈತಿ" ಎನ್ನುತ್ತಿದ್ದರು. ನನಗೂ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು.

ಬೆಳಗಾವಿಯ ತವರಿನಿಂದ ಮದುವೆಯಲ್ಲಿ ಬಂದ ತಾಮ್ರದ ಕೊಡವೊಂದು ಅವರಲ್ಲಿತ್ತು. ಮೇಲೆ ಅವರ ಹೆಸರು, ಕೆಳಗೆ 'ಕೊಟ್ಟವರು' ಎಂದು ಅವರಪ್ಪನ ಹೆಸರು. ಅತ್ತೆ ಕುಡಿಯುತ್ತಿದ್ದದ್ದು ಆ ಕೊಡದ ನೀರನ್ನೇ. ಅವರು ಕಣ್ಣಿನ ಆಪರೇಷನ್‌ಗೆಂದು ಆಸ್ಪತ್ರೆ ಸೇರಿದ್ದಾಗ ನನ್ನ ಗಂಡ ಅದನ್ನು ಪಣಜಿಯ ದಲ್ಲಾಳಿಗೆ ಮಾರಿಬಿಟ್ಟ. ಹಳೆಯ ಸಾಮಾನು ಕೊಂಡು ಪರದೇಶಕ್ಕೆ ಕಳಿಸುವ ದಲ್ಲಾಳಿ ಅವನು. ಗಂಡನಿಗೆ ಎದುರಿಗೆ ಬಹುವಚನ ಕೊಡುತ್ತೇನೆ, ಬರೆಯುವಾಗಲೂ ಕೊಡಬೇಕೇ?

ಮನೆಗೆ ಬಂದ ಅತ್ತೆ ಕೇಳಿದ್ದು ಒಂದೇ ಮಾತು: "ನನ್ನ ಕೊಡ ಎಲ್ಲೈತೋ?"

ಮಹಾರಾಯ ಮೊಬೈಲಿನಲ್ಲಿ ಪರದೇಶದ ಅಂಗಡಿಗಳನ್ನೆಲ್ಲ ಜಾಲಾಡಿ, ಥೇಟ್ ಅಂಥದೇ ಎಂದು ಒಂದು ಹಳೆಯ ಕೊಡ ತರಿಸಿದ. ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಕೇಳಿದ ಆಮದು ತೆರಿಗೆ ನಾವು ಮಾರುವ ಹೊಸ ಕೊಡದ ಬೆಲೆಗಿಂತ ಹೆಚ್ಚು! ಇವನ ಬಡಿವಾರವನ್ನು ನೋಡಬೇಕಿತ್ತು. "ಸರಕಾರಕ್ಕ ತೆರಿಗಿ ಕಟ್ಟಿ ತರಿಸೇನಿ ನೋಡ್ರಿ, ಆ್ಯಂಟಿಕ್!" ಎಂದು ಬಂದ ಗಿರಾಕಿಗಳಿಗೆಲ್ಲ ರಸೀದಿ ತೋರಿಸಿದ್ದೇ ತೋರಿಸಿದ್ದು. ನಾಚಿಕೆ ಎಂಬುದು ಆ ಮುಖದ ಹತ್ತಿರ ಸುಳಿಯಲಿಲ್ಲ.

ಅತ್ತೆ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. 'ಪಾರ್ವತಿ' ಎಂದಿತ್ತು.

"ಯಾರ ಮನಿ ಹೆಣಮಗಳ ಕೊಡಾನೋ ಇದು? ಅಕಿ ಮಗಾನೂ ನಿನ್ನಂಥಾವನ ಇರಬೇಕು."

"ಯಾವದಾದರೇನವ್ವಾ? ತೆರಿಗಿ ಎಷ್ಟ ಬಿತ್ತು ಗೊತ್ತೈತೇನು?"

"ಹೌದಾ? ಹಂಗಾರ ನಿನ್ನ ಹೆಸರೂ ಇರಲಿ." ನನ್ನ ಕಡೆ ತಿರುಗಿ, "ಉಳಿ ತೊಗೊಂಬಾರವಾ" ಎಂದರು. ನಾನು ಓಡಿಹೋಗಿ ತಂದುಕೊಟ್ಟೆ.

ಪಾರ್ವತಿಯ ಹೆಸರನ್ನು ಮುಟ್ಟದೆ, ಅದರ ಕೆಳಗೆ 'ತೆರಿಗೆ ಕೊಟ್ಟವರು' ಎಂದು ಕುಟ್ಟಿ, ಮಗನ ಹೆಸರನ್ನು ಅಡ್ಡಹೆಸರಿನ ಸಮೇತ ಹಾಕಿದರು.

"ಅವ್ವಾ, ಅದರ ಕಿಮ್ಮತ್ತು ಹೋತಲ್ಲವ್ವಾ!" ಎಂದು ಅವನು ಬೊಬ್ಬೆ ಹಾಕಿದ.

"ನಿಂದು ಹೋಗಿ ಭಾಳ ದಿನಾ ಆತು," ಎಂದು ಅತ್ತೆ ಸುತ್ತಿಗೆ ಕೆಳಗಿಟ್ಟರು.

ಆ ಕೊಡದ ಒಂದು ಹನಿಯನ್ನೂ ಅವರು ಕುಡಿಯಲಿಲ್ಲ. ನೀರು ತುಂಬಿಸಿ ಅಂಗಡಿ ಬಾಗಿಲಲ್ಲಿ ಇಡಿಸಿದರು. ವಿಜಯಪುರ ಕಡೆಯ ಲಾರಿ ಡ್ರೈವರುಗಳು ನೀರು ಕುಡಿದು, ಬರೆದದ್ದನ್ನು ಓದಿ, ನನ್ನ ಗಂಡನ ಮುಖ ನೋಡಿ ನಗುತ್ತಿದ್ದರು. ಅತ್ತೆ ಮಾತ್ರ ಸ್ಟೀಲಿನ ಚೊಂಬಿನ ನೀರು ಕುಡಿದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಬಾಯಿಗೆ ನೀರು ಬಿಡುವಾಗಲೂ ಮಗನ ಕೈಯಲ್ಲಿದ್ದದ್ದು ಅದೇ ಸ್ಟೀಲಿನ ಚೊಂಬು. ಊರಿನವರ ಪಾತ್ರೆಗೆಲ್ಲ ಹೆಸರು ಹಾಕಿದ ಹೆಂಗಸಿನ ಹೆಸರಿದ್ದ ಒಂದೇ ಒಂದು ಪಾತ್ರೆಯೂ ಮನೆಯಲ್ಲಿರಲಿಲ್ಲ.

ಮೊನ್ನೆ ಗಂಡ ಮತ್ತೆ ಮೊಬೈಲ್ ಹಿಡಿದುಕೊಂಡು ಬಂದ. "ಇದು ಅವ್ವಂದ ಇದ್ದಂಗ ಕಾಣ್ತೈತಿ ನೋಡು. ತೆರಿಗಿ ಎಷ್ಟರ ಬೀಳಲಿ, ತರಿಸೇ ಬಿಡ್ತೇನಿ." ಕಣ್ಣಲ್ಲಿ ನೀರು ಬೇರೆ.

"ತರಿಸ್ರಿ," ಎಂದೆ. "ಅತ್ತಿ ಉಳಿ ನನ್ನ ಕೈಯಾಗ ಐತಿ."